ತೋಳಿನ ಭಾರ ಸೊಂಟಕ್ಕೆ

ಹಕ್ಕಿಗಳ ಛಾಯಾಚಿತ್ರವನ್ನು ತೆಗೆಯುವ ಹವ್ಯಾಸವು ನಮ್ಮ ಗೃಹಸ್ಥರಲ್ಲಿ ಎಷ್ಟರಮಟ್ಟಿಗೆ ಹಬ್ಬಿರುವುದೆಂಬುದನ್ನು ತಿಳಿಯಬೇಕೆನ್ನುವವರು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಭಾನುವಾರ ಸೂರ್ಯೋದಯದ ವೇಳೆಗೆ ಹೋಗಿ ನಿಲ್ಲಬೇಕು. ವಾಯುಸೇವನೆಗೆಂದು ಬಂದವರ ನಡುವೆ, ಮೊಳದುದ್ದದ ಕೊಳವೆಯಂಥ ಲೆನ್ಸುಗಳನ್ನು ಕಣ್ಣಿಗೆ ಹಿಡಿದು ಹೆಜ್ಜಾರ್ಲೆಯನ್ನೋ ಬಣ್ಣದ ಕೊಕ್ಕರೆಯನ್ನೋ ಹಿಂಬಾಲಿಸುತ್ತಿರುವ ನಾಲ್ಕಾರು ಮಂದಿಯಾದರೂ ಅಲ್ಲಿ ಕಾಣಬರುವರು. ಅವರಲ್ಲಿ ತರುಣರು ಉಂಟು. ಉದ್ಯೋಗದಿಂದ ನಿವೃತ್ತರಾದವರೂ ಕಡಮೆಯೇನಲ್ಲ. ದೂರದೇಶದಲ್ಲಿರುವ ಮಗನೋ ಮಗಳೋ ತಂದುಕೊಟ್ಟ ಲೆನ್ಸು. ಅದರ ಬೆಲೆ ಒಂದು ಸ್ಕೂಟರಿನ ಬೆಲೆಗೆ ಕಡಮೆಯಿರದು. ಕೊಟ್ಟವರು ಅದರ ಗುಣವನ್ನು ಯೋಚಿಸಿರುತ್ತಾರೆ, ಬೆಲೆಯನ್ನು ಯೋಚಿಸಿರುತ್ತಾರೆ. ಅದರ ತೂಕವನ್ನು ಯೋಚಿಸಿದವರು ಅಪೂರ್ವ. ಈ ತಿಂಗಳು ಆ ತೂಕದ ವಿಚಾರವನ್ನೂ, ಅದನ್ನು ಮನೆಯಲ್ಲಿಯೇ ಮಾಡಿಕೊಂಡ ಸಾಧನದಿಂದ ಮೈಯ ಮೇಲೆ ಹೊರುವ ಬಗೆಯನ್ನೂ ವಾಚಕರ ಮುಂದಿಡುತ್ತೇನೆ.

ಟೆಲಿಫೋಟೋ ಎಂದು ಹೆಸರಾದ ಈ ಲೆನ್ಸಿಗೆ ‘ದೂರಚ್ಛಾಯಾಗ್ರಾಹಿ ಕಾಚ’ವೆಂದು ಒಂದು ಸಮಾಸವನ್ನು ಕಟ್ಟುವುದು ನನ್ನಂಥ ಸಂಸ್ಕೃತದ ಮೇಷ್ಟರಿಗೆ ಕಷ್ಟವಲ್ಲ. ಆದರೆ ಆ ಹೆಸರನ್ನು ಹಿಡಿದು ಅಂಗಡಿಗೆ ಹೋದವರು ಬರಿಗೈಯಲ್ಲಿ ಹಿಂದಿರುಗಬೇಕಾದೀತು. ಅದುಕಾರಣ ಇಲ್ಲಿ ಅದನ್ನು ಉದ್ದ ಲೆನ್ಸು ಎಂದೇ ಕರೆಯುತ್ತೇನೆ.

ನಿಕಾನ್ ಕಂಪೆನಿಯವರು ೨೦೧೫ರಲ್ಲಿ ಹೊರತಂದ ೨೦೦–೫೦೦ ಮಿಲಿಮೀಟರಿನ ಲೆನ್ಸು ನಮ್ಮ ಹಕ್ಕಿಪ್ರಿಯರ ಕೈಯಲ್ಲಿ ಬಹಳವಾಗಿ ಕಾಣುವಂಥದು. ಸ್ಟ್ಯಾಂಡಿಗೆ ಸೇರಿಸುವ ಕೊರಳಪಟ್ಟಿಯೂ ಸೇರಿ ಅದು ೨.೩ ಕಿಲೋಗ್ರಾಂ ತೂಗುತ್ತದೆ. ಸಿಗ್ಮಾ, ಟ್ಯಾಮ್ರಾನ್ ಕಂಪೆನಿಗಳ ೧೫೦–೬೦೦ ಮಿಲಿಮೀಟರಿನ ಲೆನ್ಸುಗಳು ಎರಡು ಕಿಲೋವಿನ ಆಸುಪಾಸಿನಲ್ಲಿರುವುವು. ಇವುಗಳ ಹಿಂದೆ ಮುಕ್ಕಾಲು ಕಿಲೋವಿನ ಕ್ಯಾಮರಾ ಬಂದು ಕುಳಿತರೆ ಒಟ್ಟು ಮೂರು ಕಿಲೋ. ಮೂರು ಕಿಲೋ ಎಂದರೆ ಏನು ಮಹಾ, ದಿನವೂ ಮಾರುಕಟ್ಟೆಯಿಂದ ಅದಕ್ಕಿಂತ ಹೆಚ್ಚಿನ ತರಕಾರಿಯನ್ನು ತರುವುದಿಲ್ಲವೇ ಎಂದು ಕೇಳುವವರುಂಟು. ಚೀಲವನ್ನು ಹೊರುವುದು ತೋಳನ್ನು ಇಳಿಬಿಟ್ಟು. ಲೆನ್ಸನ್ನಾದರೋ ತೋಳನ್ನು ಮಡಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ, ಮುಖದಿಂದ ಒಂದು ಗೇಣು ಮುಂದಕ್ಕೆ ಹಿಡಿದಿರಬೇಕು. ಮೊಣಕೈಯನ್ನು ಮಡಿಸುವ ಸ್ನಾಯುವು ಮುಂಗೈಯ ಎಲುಬಿಗೆ ಅಂಟಿರುವುದು ಕೀಲಿನಿಂದ ನಾಲ್ಕು ಸೆಂಟಿಮೀಟರಿನಷ್ಟೇ ಈಚೆಗೆ. ಭಾರವು ಕುಳಿತಿರುವುದು ಅಂಗೈಯಲ್ಲಿ, ಎಂದರೆ ಮೂವತ್ತು ಸೆಂಟಿಮೀಟರಿಗೂ ಆಚೆ. ಸನ್ನೆಗೋಲಿನ ನಿಯಮವನ್ನು ಓದಿದ ಹುಡುಗನು ಮುಂದಿನದನ್ನು ತಾನೇ ಹೇಳಿಬಿಡುವನು. ಮುಂಗೈಯನ್ನು ಅಡ್ಡವಾಗಿ ಚಾಚಿ ಎಡಗೈಯೊಂದರಲ್ಲಿ ಎರಡು ಕಿಲೋವನ್ನು ಹೊತ್ತರೆ ಸ್ನಾಯುವು ಅದರ ಏಳೆಂಟು ಪಾಲು, ಎಂದರೆ ಸುಮಾರು ೧೫ ಕಿಲೋವಿನ ಭಾರವನ್ನು ಎಳೆದಂತೆ ಎಳೆಯಬೇಕಾಗುತ್ತದೆ. ಹಕ್ಕಿಯು ಕೊಂಬೆಯ ಮೇಲೆ ಕತ್ತು ತಿರುಗಿಸಲೆಂದು ಐದು ನಿಮಿಷ ಕಾದರೆ ಐದು ನಿಮಿಷವೂ ಇದೇ ಎಳೆತ. ಹೆಗಲಿನ ಕೀಲಿಗೆ ಆಗುವ ಶ್ರಮವನ್ನು ಇದಕ್ಕೆ ಸೇರಿಸಿಲ್ಲ.

ಆ ಹೆಗಲಿನ ಕಾರಣದಿಂದಲೇ ಈ ವಿಷಯವು ನನ್ನ ಬಳಿಗೆ ಬಂತು. ನಮ್ಮ ಬೀದಿಯಲ್ಲಿ ಮಿತ್ರರೊಬ್ಬರಿದ್ದಾರೆ, ಮೂವತ್ತು ವರ್ಷ ಲೆಕ್ಕ ಕಲಿಸಿದವರು. ನಿವೃತ್ತಿಯ ಮೊದಲ ವರ್ಷವನ್ನು ಅವರು ಜಗುಲಿಯ ಕುರ್ಚಿಯಲ್ಲಿ, ಎದುರುಮನೆಯ ಕಾಂಪೌಂಡು ಗೋಡೆಯನ್ನು ನೋಡುತ್ತಲೇ ಕಳೆದರು. ಕರೆದರೆ ಬರುತ್ತಿರಲಿಲ್ಲ, ಮಾತನಾಡಿಸಿದರೆ ಒಂದು ಮಾತಿಗೆ ಒಂದು ಮಾತು. ಎರಡನೆಯ ವರ್ಷ ಮಗಳು ಕ್ಯಾಮರಾವನ್ನೂ ಉದ್ದ ಲೆನ್ಸನ್ನೂ ತಂದುಕೊಟ್ಟಳು. ಅಂದಿನಿಂದ ಆತ ನಸುಕಿಗೆ ಮುಂಚೆಯೇ ಎದ್ದು ಕೆರೆಗೆ ನಡೆಯತೊಡಗಿದರು. ಹಕ್ಕಿಗಳ ಹೆಸರುಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರು; ಮಿಂಚುಳ್ಳಿಯು ನೀರಿಗೆ ಧುಮುಕುವ ಕೋನವೆಷ್ಟೆಂದು ನನ್ನೊಡನೆ ಚರ್ಚೆ ಮಾಡಿದರು. ಮೂರನೆಯ ವರ್ಷ ಎಡಹೆಗಲು ನೋಯತೊಡಗಿತು. ತೋಳನ್ನು ಮೇಲೆತ್ತಿ ಅಂಗಿ ತೊಡುವುದೇ ಕಷ್ಟವಾಯಿತು. ಹೆಗಲಿನ ಸ್ನಾಯುರಜ್ಜುಗಳು ಬಾತಿವೆ, ಇನ್ನು ತೋಳೆತ್ತಿ ಭಾರ ಹಿಡಿಯಕೂಡದು ಎಂದು ವೈದ್ಯರು ಹೇಳಿದರು. ಲೆನ್ಸನ್ನು ಮಾರಿಬಿಡುವೆನೆಂದು ಮಿತ್ರರು ತೀರ್ಮಾನಿಸಿ ಮತ್ತೆ ಕುರ್ಚಿಯಲ್ಲಿ ಕುಳಿತರು.

ಅವರ ಮನೆಯಾಕೆ ನಮ್ಮ ಮನೆಗೆ ಬಂದು, “ಮೇಷ್ಟ್ರೆ, ಮಾರಿಬಿಡಿ ಅನ್ನೋದಕ್ಕೆ ನನಗೆ ಬಾಯಿ ಬರೋದಿಲ್ಲ. ಹೆಗಲು ಹೋಗಲಿ ಅನ್ನೋದಕ್ಕೂ ಬಾಯಿ ಬರೋದಿಲ್ಲ. ಇವರು ಬೆಳಿಗ್ಗೆ ಏಳೋದೇ ಅದಕ್ಕೋಸ್ಕರ. ಏನಾದರೂ ಒಂದು ಉಪಾಯ ಹೇಳಿ” ಎಂದರು.

ಉಪಾಯವೆಂದರೆ ಮೂರು ಕಾಲಿನ ಸ್ಟ್ಯಾಂಡು ಇದೆಯಲ್ಲ ಎನ್ನುವಿರಿ. ನಿಶ್ಚಲವಾದ ನೆಲದಲ್ಲಿ, ಒಂದೇ ಕಡೆ ಕಾದು ಕೂರುವವರಿಗೆ ಅದಕ್ಕಿಂತ ಉತ್ತಮವಾದುದು ಬೇರೊಂದಿಲ್ಲವೆಂಬುದು ನಿರ್ವಿವಾದ. ಆದರೆ ಕೆರೆಯ ಏರಿಯು ನಡೆದಾಡುವವರ ದಾರಿ. ಅಲ್ಲಿ ಮೂರು ಕಾಲುಗಳನ್ನು ಅಗಲಿಸಿ ನಿಲ್ಲಿಸಿದರೆ ಎಡವುವವರ ಶಾಪಕ್ಕೆ ಗುರಿಯಾಗಬೇಕು. ಇನ್ನು ರಂಗನತಿಟ್ಟಿನ ಸಂಗತಿ. ಸಲೀಂ ಅಲಿಯವರ ಸಲಹೆಯಂತೆ ಮೈಸೂರಿನ ಮಹಾರಾಜರ ಸರಕಾರವು ೧೯೪೦ರಲ್ಲಿ ಪಕ್ಷಿಧಾಮವೆಂದು ಸಾರಿದ ಆ ಕಾವೇರಿಯ ನಡುಗಡ್ಡೆಗಳನ್ನು ನೋಡುವುದು ದೋಣಿಯಲ್ಲಿ ಕುಳಿತು. ದೋಣಿಯಲ್ಲಿ ಸ್ಟ್ಯಾಂಡನ್ನು ಹೂಡಿದರೆ ಪಕ್ಕದವರ ಕಾಲಿಗೆ ಸ್ಥಳವಿರದು. ಮೇಲಾಗಿ ಹುಟ್ಟಿನ ಒಂದೊಂದು ಏಟೂ ಮರದ ತಳದಿಂದ ಲೋಹದ ಕಾಲುಗಳ ಮೂಲಕ ನೆಟ್ಟಗೆ ಲೆನ್ಸಿಗೆ ಏರುವುದು. ಅದೇ ದೋಣಿಯಲ್ಲಿ ಕುಳಿತ ಮನುಷ್ಯನ ದೇಹವು ಬಿದಿರಿನಂತೆ ಬಾಗಿ ಆ ಅಲುಗಾಟವನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಆದುದರಿಂದ ನಡೆಯುವವನಿಗೂ ದೋಣಿಯವನಿಗೂ ಆಧಾರವು ನೆಲದಿಂದ ಬರತಕ್ಕದ್ದಲ್ಲ, ಮೈಯಿಂದಲೇ ಬರಬೇಕು.

ಕೈಯ ನಡುಕವನ್ನು ಲೆನ್ಸೇ ತಿದ್ದಿಕೊಳ್ಳುವ ಏರ್ಪಾಡು ಈಗ ಉಂಟಷ್ಟೆ ಎಂದು ಬಲ್ಲವರು ಆಕ್ಷೇಪಿಸಬಹುದು. ಉಂಟು. ಕ್ಯಾನನ್ ಕಂಪೆನಿಯವರು ೧೯೯೫ರಲ್ಲಿ ತಮ್ಮ ೭೫–೩೦೦ ಮಿಲಿಮೀಟರಿನ ಲೆನ್ಸಿನಲ್ಲಿ ಅದನ್ನು ತಂದರು. ಈಗಿನ ಉದ್ದ ಲೆನ್ಸುಗಳಲ್ಲಿ ಅದು ಸಾಮಾನ್ಯವಾಗಿದೆ. ೫೦೦ ಮಿಲಿಮೀಟರಿನ ಲೆನ್ಸು ಮೂವತ್ತು ಮೀಟರು ದೂರದಲ್ಲಿ ಕಾಣುವುದು ಎರಡು ಮೀಟರಿಗೆ ತುಸು ಹೆಚ್ಚಿನ ಅಗಲವನ್ನು ಮಾತ್ರ. ಕೈ ಒಂದೇ ಒಂದು ಡಿಗ್ರಿ ಓಲಿದರೆ ಆ ನೋಟವು ಅರ್ಧ ಮೀಟರು ಸರಿದು, ಕೊಕ್ಕರೆಯು ಚಿತ್ರದ ಕಾಲುಭಾಗದಷ್ಟು ಪಕ್ಕಕ್ಕೆ ಹೋಗಿರುತ್ತದೆ. ಸಣ್ಣ ನಡುಕವನ್ನು ಆ ಯಂತ್ರವು ತಿದ್ದೀತು. ದಣಿದ ತೋಳಿನ ಓಲಾಟವನ್ನು ತಿದ್ದಲಾರದು. ಭಾರವನ್ನಂತೂ ಒಂದು ಗುಲಗಂಜಿಯಷ್ಟೂ ಇಳಿಸಲಾರದು. ನನ್ನ ಮಿತ್ರರ ಲೆನ್ಸಿನಲ್ಲಿ ಆ ಏರ್ಪಾಡು ಇತ್ತು, ಹೆಗಲೂ ಹೋಗಿತ್ತು.

ಮೈಯನ್ನೇ ಆಧಾರ ಮಾಡಿಕೊಳ್ಳುವ ಯೋಚನೆಯು ಹೊಸದಲ್ಲ. ಹಕ್ಕಿಯ ಹಾರಾಟವನ್ನು ಅಭ್ಯಾಸಮಾಡುತ್ತಿದ್ದ ಫ್ರೆಂಚ್ ಪಂಡಿತ ಎತಿಯೆನ್ ಜೂಲ್ ಮಾರೆ ಎಂಬಾತನು ೧೮೮೨ರಲ್ಲಿ ಕೋವಿಯ ಆಕಾರದ ಕ್ಯಾಮರಾವನ್ನು ಮಾಡಿ, ಅದರ ಹಿಂಬದಿಯನ್ನು ಹೆಗಲಿಗೆ ಒತ್ತಿ ಹಿಡಿದು, ಸೆಕೆಂಡಿಗೆ ಹನ್ನೆರಡು ಚಿತ್ರಗಳನ್ನು ತೆಗೆದನು. ೧೯೬೫ರಿಂದ ಸೋವಿಯತ್ ದೇಶದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯವರು ೩೦೦ ಮಿಲಿಮೀಟರಿನ ಲೆನ್ಸಿಗೆ ಹಿಡಿಕೆಯನ್ನೂ ಕುದುರೆಯನ್ನೂ ಹೆಗಲಿನ ಆಸರೆಯನ್ನೂ ಕೂಡಿಸಿ ‘ಫೋಟೋಸ್ನೈಪರ್’ ಎಂಬ ಹೆಸರಿನಿಂದ ಮಾರಿದರು. ಹೆಸರಿನಲ್ಲಿಯೇ ಬೇಟೆಗಾರನಿದ್ದಾನೆ. ಈಗಲೂ ಮರದ ಹಲಗೆಯನ್ನು ಕೊಯ್ದು ಕೋವಿಯ ಹಿಂಬದಿಯಂತೆ ಮಾಡಿ ಲೆನ್ಸಿಗೆ ಜೋಡಿಸಿಕೊಳ್ಳುವ ಹವ್ಯಾಸಿಗಳು ಅನೇಕರು. ಅದರಿಂದ ಅಲುಗಾಟವು ಕಡಮೆಯಾಗುವುದು ನಿಜ. ಆದರೆ ಭಾರದ ಮುಂಭಾಗವು ಎಡಗೈಯಲ್ಲಿಯೇ ಉಳಿಯುವುದರಿಂದ ನೋಯುವ ಹೆಗಲಿಗೆ ಅದು ಪರಿಹಾರವಲ್ಲ.

ಅದನ್ನು ನಾನು ಬೇಡವೆನ್ನುವುದಕ್ಕೆ ಇನ್ನೂ ಗುರುತರವಾದ ಕಾರಣವೊಂದಿದೆ. ೨೦೦೭ನೆಯ ಜುಲೈ ೧೨ರಂದು ಬಾಗ್ದಾದ್ ನಗರದ ಬೀದಿಯಲ್ಲಿ ರಾಯ್ಟರ್ಸ್ ವಾರ್ತಾಸಂಸ್ಥೆಯ ಛಾಯಾಗ್ರಾಹಕ ನಮೀರ್ ನೂರ್ ಎಲ್ದೀನ್ ಹಿಡಿದಿದ್ದ ಕ್ಯಾಮರಾವನ್ನೂ ಉದ್ದ ಲೆನ್ಸನ್ನೂ ಮೇಲಿನಿಂದ ನೋಡಿದ ಅಮೆರಿಕದ ಹೆಲಿಕಾಪ್ಟರಿನ ಸೈನಿಕರು ಆಯುಧವೆಂದು ಭ್ರಮಿಸಿದರು. ಆತನೂ ಆತನ ಜೊತೆಗಾರ ಸಯೀದ್ ಚ್ಮಾಗನೂ ಅಂದು ಗುಂಡಿಗೆ ಬಲಿಯಾದರು. ಅದು ಯುದ್ಧಭೂಮಿ, ನಮ್ಮದು ಕೆರೆಯ ಏರಿ ಎಂಬುದು ಸರಿಯೇ. ಆದರೂ ಕಾಡಿನಂಚಿನಲ್ಲಿ, ಮಬ್ಬುಬೆಳಕಿನಲ್ಲಿ, ಹೆಗಲಿಗೆ ಒತ್ತಿದ ಉದ್ದನೆಯ ಕಪ್ಪು ವಸ್ತುವನ್ನು ದೂರದಿಂದ ನೋಡಿದ ಅರಣ್ಯರಕ್ಷಕನಿಗಾಗಲಿ ಹೊಲ ಕಾಯುವವನಿಗಾಗಲಿ ಅದು ಹಕ್ಕಿಯ ಚಿತ್ರಕ್ಕೆಂದು ಹೇಗೆ ತಿಳಿಯಬೇಕು? ಕೋವಿಯಂತೆ ಕಾಣುವುದನ್ನು ಯಾರೂ ಮಾಡಿಕೊಳ್ಳಬಾರದು.

ಭಾರವನ್ನು ತೋಳಿನಿಂದ ಸಂಪೂರ್ಣವಾಗಿ ಬಿಡಿಸಿ ಮುಂಡಕ್ಕೆ ವರ್ಗಾಯಿಸಿದ ಕೀರ್ತಿ ಅಮೆರಿಕದ ಗ್ಯಾರೆಟ್ ಬ್ರೌನ್ ಎಂಬವನದು. ೧೯೭೫ರ ವೇಳೆಗೆ ಅವನು ಸಿನಿಮಾ ಕ್ಯಾಮರಾಗಳಿಗಾಗಿ ಸ್ಟೆಡಿಕ್ಯಾಮ್ ಎಂಬ ಸಾಧನವನ್ನು ಸಿದ್ಧಪಡಿಸಿದನು. ಕವಚದಂಥ ಒಂದು ಅಂಗಿ, ಅದಕ್ಕೆ ಜೋಡಿಸಿದ ಸ್ಪ್ರಿಂಗಿನ ತೋಳು, ಆ ತೋಳಿನ ತುದಿಯಲ್ಲಿ ಕ್ಯಾಮರಾ. ಭಾರವೆಲ್ಲ ಅಂಗಿಯ ಮೂಲಕ ಹೆಗಲಿಗೂ ಸೊಂಟಕ್ಕೂ ಇಳಿಯುತ್ತದೆ. ಕೈಯು ಕ್ಯಾಮರಾವನ್ನು ತಿರುಗಿಸಲು ಮಾತ್ರ. ಅದನ್ನು ಮನೆಯಲ್ಲಿ ಮಾಡಲಾಗದು. ಅದರ ತತ್ತ್ವವನ್ನು ಮಾತ್ರ ಸಾಲ ಪಡೆಯಬಹುದು. ತತ್ತ್ವವೂ ನಮಗೆ ಅಪರಿಚಿತವೇನಲ್ಲ: ಮೆರವಣಿಗೆಯ ಮುಂದೆ ದೊಡ್ಡ ಬಾವುಟವನ್ನು ಹೊತ್ತು ನಡೆಯುವವನು ಕೋಲಿನ ಬುಡವನ್ನು ಸೊಂಟದ ಪಟ್ಟಿಯ ಬಟ್ಟಲಿನಲ್ಲಿ ಊರಿಕೊಂಡಿರುವುದನ್ನೂ, ಡೊಳ್ಳು ಬಾರಿಸುವವನು ವಾದ್ಯವನ್ನು ಪಟ್ಟಿಯಿಂದ ಮೈಗೆ ತೂಗುಹಾಕಿ ಕೈಗಳೆರಡನ್ನೂ ಬಾರಿಸುವುದಕ್ಕೆ ಬಿಟ್ಟುಕೊಂಡಿರುವುದನ್ನೂ ಯಾರು ಕಂಡಿಲ್ಲ?

ಮಿತ್ರರ ಲೆನ್ಸಿಗೆ ಆಧಾರವನ್ನು ಯೋಚಿಸತೊಡಗಿದಾಗ ಮೊದಲು ಎದೆಯ ಮೇಲೆ ಊರುವ ಒಂದು ಗಿಡ್ಡ ಕೋಲನ್ನು ಅಳವಡಿಸಿ ನೋಡಿದೆವು. ಲೆಕ್ಕದ ಮೇಷ್ಟರಿಗೆ ಅದು ಒಪ್ಪಿಗೆಯಾಗಿತ್ತು. ಕೋಲು ಗಿಡ್ಡವಾದಷ್ಟೂ ಬಾಗುವುದು ಕಡಮೆ ಎಂಬುದು ಅವರ ವಾದ. ಆದರೆ ಉಸಿರಾಡಿದಾಗಲೆಲ್ಲ ಎದೆಯು ಏರಿಳಿಯುತ್ತದೆ. ಎದೆಯೊಡನೆ ಲೆನ್ಸೂ ಏರಿಳಿಯಿತು. ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮನೆಯಾಕೆ, “ಎತ್ತಿಕೊಳ್ಳೋ ಮಗುವನ್ನ ಯಾರಾದರೂ ಎದೆಯ ಮುಂದೆ ಕೈ ಚಾಚಿ ಹಿಡೀತಾರೆಯೇ? ಸೊಂಟದ ಮೇಲೆ ಕೂರಿಸಿಕೊಂಡರೆ ಒಂದು ಕೈ ಸಾಕು, ಇನ್ನೊಂದು ಕೈಯಲ್ಲಿ ಸಾರು ತಿರುವಬಹುದು” ಎಂದರು. ನಮ್ಮಿಬ್ಬರ ವಿದ್ಯೆಯೂ ಆ ಮಾತಿನ ಮುಂದೆ ಸುಮ್ಮನಾಯಿತು. ಹೊಟ್ಟೆಯು ಮೃದು, ಎದೆಯು ಚಂಚಲ. ಸೊಂಟದ ಎರಡು ಎಲುಬುಗಳು ಮಾತ್ರ ಕಾಲುಗಳ ಮೇಲೆ ನೇರವಾಗಿ ಕುಳಿತ ಪೀಠದಂತಿವೆ. ಭಾರವು ಅಲ್ಲಿಗೆ ಮುಟ್ಟಿತೆಂದರೆ ನೆಲಕ್ಕೆ ಮುಟ್ಟಿದಂತೆಯೇ.

ಹೊಲಿಗೆಯೆಲ್ಲವೂ ಆಕೆಯ ಯಂತ್ರದಲ್ಲಿಯೇ ಆಯಿತು. ಮಾಡಿದ ಕ್ರಮವು ಹೀಗೆ.

ಸೊಂಟದ ಪಟ್ಟಿಗೆ ಹಳೆಯ ಮಂಚದ ನವಾರು ಬಹಳ ಶ್ರೇಷ್ಠ. ಎರಡು ಪದರವಾಗಿ ಮಡಿಸಿ ಅಂಚುಗಳನ್ನು ಹೊಲಿಯಬೇಕು; ಒಳಮೈಗೆ ಹಳೆಯ ಕಂಬಳಿಯ ತುಂಡನ್ನು ಕೊಟ್ಟರೆ ಎಲುಬಿಗೆ ಒತ್ತದು. ಹಳೆಯ ಶಾಲೆಚೀಲದ ಪ್ಲಾಸ್ಟಿಕ್ ಬಕಲ್ ಇದಕ್ಕೆ ಸಾಕು. ಪಟ್ಟಿಯನ್ನು ಪಂಚೆ ಉಡುವ ಎಡೆಯಲ್ಲಿ ಕಟ್ಟದೆ ಅದಕ್ಕಿಂತ ಕೆಳಗೆ, ಸೊಂಟದ ಎಲುಬುಗಳನ್ನು ತಬ್ಬುವಂತೆ ಬಿಗಿಯಬೇಕು. ಮುಂಭಾಗದಲ್ಲಿ, ಹೊಕ್ಕುಳಿನ ನೇರದಿಂದ ಎಡಕ್ಕೆ ನಾಲ್ಕು ಬೆರಳಿನಷ್ಟು ದೂರದಲ್ಲಿ, ಕೋಲಿನ ಬುಡವು ಕೂರುವ ಬಟ್ಟಲು ಬರಬೇಕು. ಒಂದೂವರೆ ಅಂಗುಲದ ಪಿ.ವಿ.ಸಿ. ಕೊಳವೆಗೆ ಹಾಕುವ ಮುಚ್ಚಳವೇ ಬಟ್ಟಲು. ನಲ್ಲಿಯ ಸಾಮಾನು ಮಾರುವಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ. ಅದರ ಮೈಗೆ ಕಾದ ಮೊಳೆಯಿಂದ ನಾಲ್ಕು ತೂತುಗಳನ್ನು ಮಾಡಿ, ದಪ್ಪ ಕ್ಯಾನ್ವಾಸಿನ ತುಂಡಿಗೆ ನೈಲಾನು ದಾರದಿಂದ ಬಿಗಿದು, ಆ ತುಂಡನ್ನು ಪಟ್ಟಿಗೆ ಹೊಲಿಯತಕ್ಕದ್ದು. ಈ ಒಂದು ಹೊಲಿಗೆಯನ್ನು ಮನೆಯ ಯಂತ್ರಕ್ಕೆ ಕೊಡದೆ ಚಪ್ಪಲಿ ಹೊಲಿಯುವವರಿಂದ ಮಾಡಿಸುವುದು ಲೇಸು. ಅವರ ಸೂಜಿಗೂ ದಾರಕ್ಕೂ ಇರುವ ಬಲವು ನಮ್ಮದಕ್ಕಿಲ್ಲ.

ಕೋಲಿನ ಉದ್ದವು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತದೆ. ಕ್ಯಾಮರಾವನ್ನು ಕಣ್ಣಿಗೆ ಹಿಡಿದು ನಿಂತು, ಬಟ್ಟಲಿನಿಂದ ಲೆನ್ಸಿನ ಕೊರಳಪಟ್ಟಿಯ ಪಾದದವರೆಗೆ ಮತ್ತೊಬ್ಬರು ಟೇಪಿನಿಂದ ಅಳೆಯಬೇಕು. ಮಧ್ಯಮ ಎತ್ತರದವರಿಗೆ ಅದು ಅರ್ಧ ಮೀಟರಿನಷ್ಟು ಬಂದೀತು. ಒಂದು ಅಂಗುಲ ಗಾತ್ರದ ಅಲ್ಯೂಮಿನಿಯಂ ಕೊಳವೆಯನ್ನು ಆ ಅಳತೆಗೆ ಕೊಯ್ಸಿ, ಕೆಳತುದಿಗೆ ಊರುಗೋಲಿಗೆ ಹಾಕುವ ರಬ್ಬರು ಟೋಪಿಯನ್ನು ತೊಡಿಸಬೇಕು. ಟೋಪಿಯು ಬಟ್ಟಲಿನಲ್ಲಿ ಸ್ವಲ್ಪ ಸಡಿಲವಾಗಿಯೇ ಕೂರಬೇಕು. ಒರಳಿನಲ್ಲಿ ಒನಕೆಯು ಆಡುವಂತೆ ಕೋಲು ಅತ್ತಿತ್ತ ಆಡಿದರೆ ತಾನೆ ಹಕ್ಕಿಯನ್ನು ಹಿಂಬಾಲಿಸಲಾದೀತು?

ಮೇಲ್ತುದಿಗೆ ಗಟ್ಟಿಮರದ ಬೆಣೆಯನ್ನು ಹೊಡೆದು, ಅದರ ನಡುವೆ ಕೆಳಗಿನಿಂದ ಮೇಲಕ್ಕೆ ಒಂದು ಬೋಲ್ಟನ್ನು ತೂರಿಸಿ, ಎಪಾಕ್ಸಿ ಅಂಟಿನಿಂದ ಬಂಧಿಸಬೇಕು. ಬೆಣೆಯು ಕೊಳವೆಯಿಂದ ಕಳಚದಂತೆ ಅಡ್ಡಲಾಗಿ ಒಂದು ಸ್ಕ್ರೂ ಇರಲಿ. ಕ್ಯಾಮರಾಗಳಿಗೂ ಲೆನ್ಸುಗಳಿಗೂ ಲೋಕದಲ್ಲೆಲ್ಲ ಒಂದೇ ಅಳತೆಯ ತಿರುಪು ಇರುವುದು ನಮ್ಮ ಪುಣ್ಯ: ಕಾಲು ಅಂಗುಲ ಗಾತ್ರ, ಅಂಗುಲಕ್ಕೆ ೨೦ ಸುತ್ತು. ದೊಡ್ಡ ಲೆನ್ಸುಗಳ ಪಾದದಲ್ಲಿ ಇದರ ಜೊತೆಗೆ ೩/೮ ಅಂಗುಲದ, ಅಂಗುಲಕ್ಕೆ ೧೬ ಸುತ್ತಿನ ತೂತೂ ಇರುವುದುಂಟು. ನಮ್ಮ ಊರಿನ ಕಬ್ಬಿಣದ ಅಂಗಡಿಯ ಕಾಲಂಗುಲದ ಬೋಲ್ಟು ಇದಕ್ಕೆ ಸರಿಹೊಂದುತ್ತದೆ; ಮಿಲಿಮೀಟರಿನ ಅಳತೆಯದು ಹೊಂದುವುದಿಲ್ಲ, ಬಲವಂತದಿಂದ ತಿರುಗಿಸಿದರೆ ಲೆನ್ಸಿನ ಸುತ್ತುಗಳು ಸವೆದುಹೋಗುವುವು. ಬೋಲ್ಟು ಲೆನ್ಸಿನ ಒಳಕ್ಕೆ ನಾಲ್ಕೂವರೆ ಮಿಲಿಮೀಟರಿಗಿಂತ ಹೆಚ್ಚು ಹೋಗದಂತೆ ನಡುವೆ ವಾಷರುಗಳನ್ನೂ, ಹಳೆಯ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನ ಬಿಲ್ಲೆಯನ್ನೂ ಹಾಕತಕ್ಕದ್ದು. ಕೋಲನ್ನು ಲೆನ್ಸಿನ ಪಾದಕ್ಕೇ ಸೇರಿಸಬೇಕು, ಕ್ಯಾಮರಾದ ತಳಕ್ಕಲ್ಲ. ಕ್ಯಾಮರಾದ ತಳಕ್ಕೆ ಸೇರಿಸಿದರೆ ಎರಡು ಕಿಲೋವಿನ ಲೆನ್ಸು ಮುಂದಕ್ಕೆ ತೊನೆದು, ಅವೆರಡನ್ನು ಕೂಡಿಸುವ ಉಂಗುರದ ಮೇಲೆಯೇ ಶ್ರಮ ಬೀಳುತ್ತದೆ.

ಇಷ್ಟರಿಂದ ಭಾರವು ಸೊಂಟಕ್ಕೆ ಇಳಿಯಿತು. ಆದರೆ ಕೋಲು ನೆಟ್ಟಗಿಲ್ಲ, ಮುಂದಕ್ಕೆ ವಾಲಿದೆ; ಬಿಟ್ಟರೆ ಮುಗ್ಗರಿಸುವುದು. ಇಲ್ಲಿ ಲೆಕ್ಕದ ಮೇಷ್ಟರು ಕಾಗದ ತೆಗೆದುಕೊಂಡರು. ಕೋಲಿನ ತುದಿಯು ೪೬ ಸೆಂಟಿಮೀಟರು ಎತ್ತರದಲ್ಲಿದ್ದು ಬುಡಕ್ಕಿಂತ ೨೦ ಸೆಂಟಿಮೀಟರು ಮುಂದಿದ್ದರೆ, ಮೂರು ಕಿಲೋವಿನ ಭಾರವನ್ನು ಬೀಳದಂತೆ ಹಿಂದಕ್ಕೆ ಎಳೆದುಹಿಡಿಯಲು ಬೇಕಾದ ಬಲವು ಒಂದೂಕಾಲು ಕಿಲೋವಿಗೆ ತುಸು ಮೇಲೆ. ಈ ಎಳೆತವನ್ನೂ ಕೈಗೆ ಕೊಡಬೇಕಾಗಿಲ್ಲ. ಲೆನ್ಸಿನ ಕೊರಳಪಟ್ಟಿಯಿಂದ ಹೊರಟ ಒಂದು ನವಾರು ಎಡಹೆಗಲಿನ ಮೇಲೂ ಇನ್ನೊಂದು ಬಲಹೆಗಲಿನ ಮೇಲೂ ಹಾದು, ಬೆನ್ನಿನಲ್ಲಿ ಕತ್ತರಿಯಾಗಿ ಕೂಡಿ, ಸೊಂಟದ ಪಟ್ಟಿಯ ಹಿಂಭಾಗಕ್ಕೆ ಸೇರಬೇಕು. ಒಂದೇ ಪಟ್ಟಿಯನ್ನು ಜನಿವಾರದಂತೆ ಸವ್ಯವಾಗಿ ಹಾಕಿಕೊಂಡರೆ ಸಾಲದೇ ಎಂದು ನಾನು ಕೇಳಿದೆ. ನೋಯುವ ಹೆಗಲೊಂದಕ್ಕೇ ಎಳೆತವೆಲ್ಲ ಬೀಳುವುದೆಂದು ಮನೆಯಾಕೆ ಅದನ್ನು ತಳ್ಳಿಹಾಕಿದರು, ಕತ್ತರಿಯೇ ಆಯಿತು. ಕತ್ತಿಗೆ ಮಾತ್ರ ಏನನ್ನೂ ತೂಗುಹಾಕಬಾರದು. ತಲೆಯೇ ನಾಲ್ಕೂವರೆ ಐದು ಕಿಲೋ ತೂಗುವ ವಸ್ತು. ಅದನ್ನು ಹೊತ್ತ ಕತ್ತಿಗೆ ಇನ್ನೂ ಮೂರನ್ನು ಹೇರುವುದು ಅರವತ್ತರ ವಯಸ್ಸಿನಲ್ಲಿ ತರವಲ್ಲ.

ತುಪ್ಪಕ್ಕೆ ಪಾತ್ರೆಯು ಆಧಾರವೋ ಪಾತ್ರೆಗೆ ತುಪ್ಪವು ಆಧಾರವೋ ಎಂದು ಸಂಶಯಪಟ್ಟ ತಾರ್ಕಿಕನು ಪಾತ್ರೆಯನ್ನು ಬೋರಲು ಹಾಕಿ ನೋಡಿದ ಕಥೆಯನ್ನು ವಾಚಕರು ಬಲ್ಲರು. ಸ್ಕೂಟರಿನ ಬೆಲೆಯ ಲೆನ್ಸಿನಲ್ಲಿ ಆ ಪರೀಕ್ಷೆ ಬೇಡ. ಒಂದು ಗಟ್ಟಿ ಚೀಲದಲ್ಲಿ ಆರು ಕಿಲೋ ರಾಗಿಯನ್ನು ತುಂಬಿ, ಎಂದರೆ ನಿಜವಾದ ಭಾರಕ್ಕೆ ಇಮ್ಮಡಿಯಾಗಿ, ಕೋಲಿನ ತುದಿಗೆ ಕಟ್ಟಿ, ಹಿತ್ತಿಲಿನಲ್ಲಿ ಕಾಲುಗಂಟೆ ಬಾಗಿ ಎದ್ದು ತಿರುಗಾಡಿ ನೋಡಬೇಕು. ಯಾವ ಹೊಲಿಗೆಯೂ ಬಿಡದಿದ್ದರೆ ಮಾತ್ರ ಲೆನ್ಸಿಗೆ ಅರ್ಹವಾಯಿತೆಂದು ತಿಳಿಯುವುದು. ಮಿತ್ರರ ಮನೆಯಲ್ಲಿ ಮೊದಲ ದಿನ ಬಟ್ಟಲಿನ ದಾರವು ಹರಿದು ರಾಗಿಯು ಅಂಗಳದಲ್ಲೆಲ್ಲ ಚೆಲ್ಲಿತು. ಗುಬ್ಬಿಗಳಿಗೆ ಹಬ್ಬವಾಯಿತು, ಅವುಗಳ ಚಿತ್ರವನ್ನು ತೆಗೆಯಲು ಮಾತ್ರ ಆಗಲಿಲ್ಲ.

ಅಪಾಯದ ಎರಡು ಮಾತುಗಳನ್ನು ಹೇಳಲೇಬೇಕು. ಕೋಲನ್ನು ಬಟ್ಟಲಿನಲ್ಲಿ ಊರಿಕೊಂಡು ನಡೆಯಕೂಡದು. ಎಡವಿ ಬಿದ್ದರೆ ಕ್ಯಾಮರಾದ ಹಿಂಬದಿಯು ನೇರವಾಗಿ ಕಣ್ಣಿಗೆ ಬಡಿಯುತ್ತದೆ. ನಡೆಯುವಾಗ ಕೋಲನ್ನು ಬಟ್ಟಲಿನಿಂದ ತೆಗೆದು ಲೆನ್ಸನ್ನು ಪಕ್ಕಕ್ಕೆ ಇಳಿಬಿಡಬೇಕು, ಹೆಗಲಿನ ಪಟ್ಟಿಗಳು ಅದನ್ನು ಹೊತ್ತಿರುವುವು. ಎರಡನೆಯದು ದೋಣಿ. ನೀರಿಗೆ ಬಿದ್ದವನ ಮೈಗೆ ಮೂರು ಕಿಲೋವಿನ ವಸ್ತುವನ್ನು ಬಿಗಿದು ಕಟ್ಟಿದ್ದರೆ ಏನಾಗುವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ರಕ್ಷಾಕವಚವನ್ನು ತೊಟ್ಟ ಮೇಲೆ ಅದರ ಹೊರಗೆ ಪಟ್ಟಿಗಳು ಬರಬೇಕು; ಹೆಗಲಿನ ಪಟ್ಟಿಗೂ ಸೊಂಟದ ಪಟ್ಟಿಗೂ ಒಂದೇ ಕೈಯಿಂದ ಒತ್ತಿದೊಡನೆ ಬಿಚ್ಚುವ ಬಕಲುಗಳಿರಬೇಕು. ಗಂಟು ಹಾಕಿದ ಪಟ್ಟಿಯನ್ನು ದೋಣಿಗೆ ತರಲೇಬಾರದು. ಲೆನ್ಸು ಹೋದರೆ ಹೋಗಲಿ.

ಹೊಲಿಗೆಯ ಯಂತ್ರವಿಲ್ಲದವರಿಗೆ, ನೆಲದ ಮೇಲೆ ಕುಳಿತು ಚಿತ್ರ ತೆಗೆಯುವವರಿಗೆ, ಇದಕ್ಕಿಂತ ಸರಳವಾದ ಆಧಾರವೊಂದುಂಟು. ಮೇಲುಕೋಟೆಯ ಯೋಗನರಸಿಂಹನನ್ನು ಕಂಡವರಿಗೆ ಆತನ ಮೊಣಕಾಲುಗಳನ್ನು ಸುತ್ತಿರುವ ಪಟ್ಟಿಯು ನೆನಪಿರಬಹುದು. ೧೫೨೮ರಲ್ಲಿ ಕಡೆದ ಹಂಪೆಯ ಬೃಹನ್ಮೂರ್ತಿಯಲ್ಲಿಯೂ ಅದನ್ನು ಕಾಣಬಹುದು. ಅದಕ್ಕೆ ಯೋಗಪಟ್ಟವೆಂದು ಹೆಸರು. ಬಹುಕಾಲ ಕೂರುವವನ ಕಾಲುಗಳು ದಣಿದು ಜಾರದಂತೆ ಹಿಡಿಯುವುದು ಅದರ ಕೆಲಸ. ಎರಡೂಕಾಲು ಮೀಟರು ನವಾರನ್ನು ಬಳೆಯಂತೆ ಕೂಡಿಸಿ, ಮೊಣಕಾಲುಗಳನ್ನು ಮೇಲಕ್ಕೆ ಮಡಿಸಿ ಕುಳಿತು, ಬೆನ್ನಿನ ಕೆಳಭಾಗವನ್ನೂ ಎರಡು ಮೊಣಕಾಲುಗಳನ್ನೂ ಸೇರಿಸಿ ಅದರೊಳಗೆ ತೂರಿಸಿಕೊಂಡರೆ ಮೊಣಕಾಲುಗಳು ಕಲ್ಲಿನ ಕಂಬಗಳಂತೆ ನಿಲ್ಲುವುವು. ಮೊಣಕೈಗಳನ್ನು ಅವುಗಳ ಒಳಮಗ್ಗುಲಿಗೆ ಆನಿಸಿ ಲೆನ್ಸನ್ನು ಹಿಡಿದರೆ ತೋಳಿನ ಭಾರವೂ ಲೆನ್ಸಿನ ಭಾರವೂ ಪಟ್ಟಿಗೆ ಸೇರಿದವು. ಉಸಿರನ್ನು ಅರ್ಧ ಬಿಟ್ಟು, ತಡೆದು, ಗುಂಡಿಯನ್ನು ಮೆಲ್ಲನೆ ಒತ್ತುವುದು. ಮೊಣಕಾಲು ಮಡಿಯುವವರಿಗೆ ಮಾತ್ರ ಈ ಉಪಾಯ. ಮಡಿಯದವರು ನಮ್ಮ ವಯಸ್ಸಿನಲ್ಲಿ ಅನೇಕರೆಂಬುದನ್ನು ಬಲ್ಲೆ.

ಕ್ಯಾಮರಾದ ತಳಕ್ಕೆ ಬೋಲ್ಟಿನಿಂದ ದಾರವನ್ನು ಕಟ್ಟಿ, ಇನ್ನೊಂದು ತುದಿಯನ್ನು ಪಾದದಡಿ ಮೆಟ್ಟಿ, ಕ್ಯಾಮರಾವನ್ನು ಮೇಲಕ್ಕೆ ಎಳೆದು ಹಿಡಿಯುವ ಕ್ರಮವನ್ನು ಕೆಲವರು ಹೊಗಳುವರು. ದಾರವು ಬಿಗಿಯಾದೊಡನೆ ನಡುಕವು ತಗ್ಗುವುದು ನಿಜವೇ. ಹಗುರವಾದ ಕ್ಯಾಮರಾಕ್ಕೆ ಅದು ಸೊಗಸು. ಭಾರದ ಲೆನ್ಸಿಗೆ ಅದು ಸಲ್ಲದು, ಏಕೆಂದರೆ ಮೂರು ಕಿಲೋವನ್ನು ಹೊತ್ತ ತೋಳು ಅದರ ಮೇಲೆ ದಾರವನ್ನೂ ಎಳೆಯಬೇಕಾಗುತ್ತದೆ.

ಮಿತ್ರರ ಹೆಗಲು ಗುಣವಾಯಿತೇ ಎಂದು ಕೇಳಿದರೆ, ಪೂರ್ಣವಾಗಿ ಇಲ್ಲ. ವೈದ್ಯರಿಗೆ ಈ ಸಾಧನವನ್ನು ತೊಟ್ಟು ತೋರಿಸಿದ ಮೇಲೆ, ಕೈಯು ಭಾರವನ್ನು ಹೊರದಿದ್ದರೆ ಅಡ್ಡಿಯಿಲ್ಲವೆಂದು ಅವರು ಒಪ್ಪಿದರು. ಒಂದು ಸಲಕ್ಕೆ ಇಪ್ಪತ್ತು ನಿಮಿಷವೆಂದು ಮಿತಿಯನ್ನೂ ಹಾಕಿದರು. ಹಾರುವ ಹಕ್ಕಿಯನ್ನು ಹಿಂಬಾಲಿಸುವುದು ಮೊದಲಿನಂತೆ ಆಗುವುದಿಲ್ಲ. ಕೋಲು ಆಡುವ ಮಿತಿಯೊಳಗೆ ಬಂದರೆ ಚಿತ್ರ, ತಲೆಯ ಮೇಲೆ ಹಾದುಹೋದರೆ ನಮಸ್ಕಾರ. ಮಿಂಚುಳ್ಳಿ ಧುಮುಕುವುದನ್ನು ಅವರು ಬಿಟ್ಟುಕೊಟ್ಟಿದ್ದಾರೆ. ಅದನ್ನು ಹೇಳುವಾಗ ಅವರ ಮುಖವು ಸ್ವಲ್ಪ ಬಾಡುವುದನ್ನು ನಾನು ಕಂಡಿದ್ದೇನೆ. ಈಗ ಕೊಂಬೆಯ ಮೇಲೆ ರೆಕ್ಕೆ ಹರಡಿ ಬಿಸಿಲು ಕಾಯಿಸುವ ನೀರುಕಾಗೆಗಳೂ ಹಾವಕ್ಕಿಗಳೂ ಅವರ ಪುಸ್ತಕವನ್ನು ತುಂಬುತ್ತಿವೆ. ಎಡಗೈಯು ಲೆನ್ಸಿನ ಮೇಲೆ ಸುಮ್ಮನೆ ಒರಗಿರುತ್ತದೆ. ಲೆನ್ಸನ್ನು ಮಾರುವ ಮಾತು ಆ ಮನೆಯಲ್ಲಿ ಮತ್ತೆ ಬಂದಿಲ್ಲ.

ಈಗಾಗಲೇ ಹೆಗಲು, ಕತ್ತು ಅಥವಾ ಬೆನ್ನು ನೋಯುತ್ತಿರುವವರು ಇದನ್ನು ತೊಡುವ ಮೊದಲು ತಮ್ಮ ವೈದ್ಯರನ್ನು ಕೇಳುವುದು ಅಗತ್ಯ. ನವಾರು ಬೆವರಿನಿಂದ ಗಡುಸಾಗುವುದರಿಂದ ತಿಂಗಳಿಗೊಮ್ಮೆ ಒಗೆದು ನೆರಳಿನಲ್ಲಿ ಒಣಗಿಸಬೇಕು. ಮಳೆಗಾಲದಲ್ಲಿ ಬಟ್ಟಲಿನ ಹೊಲಿಗೆಯನ್ನು ವಾರಕ್ಕೊಮ್ಮೆ ನೋಡಬೇಕು. ಅಳತೆಯ ವಿಷಯದಲ್ಲಿ ಸಂದೇಹವುಳ್ಳ ವಾಚಕರು ಪತ್ರಿಕೆಗೆ ಬರೆಯಬಹುದು. ಬರೆಯುವಾಗ ತಮ್ಮ ಎತ್ತರ, ಲೆನ್ಸಿನ ತೂಕ, ಯಾವ ಕಣ್ಣಿನಿಂದ ನೋಡುವರೆಂಬುದು, ಈ ಮೂರನ್ನೂ ತಪ್ಪದೆ ತಿಳಿಸಬೇಕು. ಎಡಗಣ್ಣಿನಿಂದ ನೋಡುವವರಿಗೆ ಬಟ್ಟಲು ಬಲಕ್ಕೆ ಬರುತ್ತದೆ.